ದೃಷ್ಟಿಸೃಷ್ಟಿವಾದ

ದೃಷ್ಟಿಸೃಷ್ಟಿವಾದವು ಅದ್ವೈತ ವೇದಾಂತದ ಒಂದು ಪಕ್ಷ. ಜಗತ್ತು ಮೊದಲೇ ಇದ್ದು ಅನಂತರ ಕಾಣುವುದಲ್ಲ, ಕಾಣುವಿಕೆಯೇ ಅದರ ಸೃಷ್ಟಿ ಎಂಬುದು ಇದರ ತಿರುಳು. ಪ್ರಕಾಶಾನಂದರ 'ವೇದಾಂತಸಿದ್ಧಾಂತಮುಕ್ತಾವಳಿ' ಇದರ ಪ್ರಮುಖ ಗ್ರಂಥ.

ಹಾಗಾದರೆ ಇಬ್ಬರು ಒಂದೇ ಗಡಿಗೆಯನ್ನು ಕಾಣುವುದು ಹೇಗೆ? ಕತ್ತಲಲ್ಲಿ ಒಂದೇ ಹಗ್ಗವನ್ನು ಹಾವೆಂದು ಭ್ರಮಿಸಿ ಹಲವರು ಓಡಿದಾಗ ಅವರವರ ಹಾವು ಅವರವರದೇ ಎಂಬುದು ಈ ವಾದಿಗಳ ಉತ್ತರ. ಉತ್ತರ ಜಾಣತನದ್ದು, ಆದರೆ ಹಗ್ಗ ಯಾರದೆಂಬ ಪ್ರಶ್ನೆ ಉಳಿಯುತ್ತದೆ.

ಇದನ್ನು ಅದ್ವೈತಿಗಳೆಲ್ಲರ ಮತವೆಂದು ತಿಳಿಯಬಾರದು. ಬಾಹ್ಯವಸ್ತುವೇ ಇಲ್ಲವೆಂಬ ಬೌದ್ಧ ವಿಜ್ಞಾನವಾದವನ್ನು ಶಂಕರಾಚಾರ್ಯರೇ ಬ್ರಹ್ಮಸೂತ್ರಭಾಷ್ಯದಲ್ಲಿ (2.2.28), ಕಂಬ, ಗೋಡೆ ಮೊದಲಾದವು ಅನುಭವಕ್ಕೆ ಬರುತ್ತಿವೆಯೆಂದು ಖಂಡಿಸಿದ್ದಾರೆ.

ಮಧ್ವಾಚಾರ್ಯರಿಗೆ ಜಗತ್ತೂ ಪಂಚಭೇದಗಳೂ ಸತ್ಯ. ವ್ಯಾಸತೀರ್ಥರು 'ನ್ಯಾಯಾಮೃತ'ದಲ್ಲಿ ಜಗನ್ಮಿಥ್ಯಾತ್ವವನ್ನು ನಿರಾಕರಿಸಿದರು. ಮಧುಸೂದನ ಸರಸ್ವತಿಗಳು 'ಅದ್ವೈತಸಿದ್ಧಿ'ಯಲ್ಲಿ ಪ್ರತ್ಯುತ್ತರವಿತ್ತರು. ಹುಬ್ಬಳ್ಳಿ-ಧಾರವಾಡದಲ್ಲಿ ಅದ್ವೈತ ಪರಂಪರೆಯ ಸಿದ್ಧಾರೂಢ ಮಠವೂ ಮಾಧ್ವರ ರಾಘವೇಂದ್ರಸ್ವಾಮಿ ಮಠಗಳೂ ಇವೆ.