ಅರ್ಧ ಮೇಲಂಗಿ ಮತ್ತು ಸರ್ಕಾರಿ ಶಾಲೆ



ನವೆಂಬರ್ 11ರಂದು ನಾವು ಸಂತ ಮಾರ್ಟಿನರ ಹಬ್ಬವನ್ನು ಆಚರಿಸುತ್ತೇವೆ. ನಾಲ್ಕನೆಯ ಶತಮಾನದ ಈ ರೋಮನ್ ಸೈನಿಕರು ಇನ್ನೂ ಜ್ಞಾನಸ್ನಾನ ಪಡೆದಿರಲಿಲ್ಲ. ಆದರೂ ಆಮಿಯೆನ್ ಪಟ್ಟಣದ ಬಾಗಿಲಲ್ಲಿ ಚಳಿಗೆ ನಡುಗುತ್ತಿದ್ದ ಭಿಕ್ಷುಕನಿಗೆ ತಮ್ಮ ಮೇಲಂಗಿಯನ್ನು ಸೀಳಿ ಅರ್ಧ ಹೊದಿಸಿದರೆಂಬ ಕಥೆ ನಮಗೆಲ್ಲ ಗೊತ್ತು. ಆ ಮೇಲಂಗಿ ಎಂದು ನಂಬಲಾದ ವಸ್ತ್ರವನ್ನು ಫ್ರಾಂಕ್ ಅರಸರು ಪವಿತ್ರ ಅವಶೇಷವೆಂದು ಕಾಪಾಡಿದರು. ಲತೀನಿನಲ್ಲಿ ಅದು 'ಕಪ್ಪೆಲ್ಲಾ'. ಅದನ್ನು ಕಾಯುತ್ತಿದ್ದ ಗುರುಗಳು 'ಕಪ್ಪೆಲ್ಲಾನಿ'. 'ಚಾಪೆಲ್', 'ಚಾಪ್ಲಿನ್' ಎಂಬ ಪದಗಳು ಹುಟ್ಟಿದ್ದು ಇಲ್ಲಿಂದಲೇ.

ಸೈನ್ಯ, ಆಸ್ಪತ್ರೆ, ಸೆರೆಮನೆಗಳಲ್ಲಿ ಚಾಪ್ಲಿನರ ಸೇವೆ ಹಳೆಯದು. ಸರ್ಕಾರಿ ಶಾಲೆಯೊಳಗೆ ಅವರು ಬರಬಹುದೇ? ಈ ಪ್ರಶ್ನೆಯನ್ನು ಆಸ್ಟ್ರೇಲಿಯಾದ ಜನರು ಬಹುಕಾಲ ಚರ್ಚಿಸಿದ್ದಾರೆ.

ಅಲ್ಲಿನ ವಿಕ್ಟೋರಿಯಾ ಪ್ರಾಂತ್ಯ 1872ರಲ್ಲೇ ಸರ್ಕಾರಿ ಶಿಕ್ಷಣವು ಉಚಿತ, ಕಡ್ಡಾಯ ಮತ್ತು ಧರ್ಮನಿರಪೇಕ್ಷವಾಗಿರಬೇಕೆಂದು ಶಾಸನ ಮಾಡಿತು. ಆದರೆ 2006ರ ಅಕ್ಟೋಬರ್‌ನಲ್ಲಿ ಪ್ರಧಾನಿ ಜಾನ್ ಹೊವಾರ್ಡ್ ಅವರು ರಾಷ್ಟ್ರೀಯ ಶಾಲಾ ಚಾಪ್ಲಿನ್ ಯೋಜನೆಯನ್ನು ಘೋಷಿಸಿದರು. ಒಂದು ಶಾಲೆಗೆ ವರ್ಷಕ್ಕೆ 20,000 ಡಾಲರ್‌ವರೆಗೆ ನೆರವು. ಚಾಪ್ಲಿನರು ಮಕ್ಕಳ ದುಃಖ, ಒಂಟಿತನ, ಮನೆಯ ಕಷ್ಟಗಳಿಗೆ ಕಿವಿಗೊಡಬೇಕು. ಆದರೆ ಯಾರನ್ನೂ ತಮ್ಮ ಧರ್ಮಕ್ಕೆ ಸೆಳೆಯಬಾರದು ಎಂಬ ಷರತ್ತಿತ್ತು.

ಟೂವೂಂಬಾ ಪಟ್ಟಣದ ರಾನ್ ವಿಲಿಯಮ್ಸ್ ಎಂಬ ತಂದೆ ಇದನ್ನು ಒಪ್ಪಲಿಲ್ಲ. ಅವರ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದರು. ಅವರು ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ಹೋದರು. 2012ರ ಜೂನ್ 20ರಂದು ತೀರ್ಪು ಬಂತು. ಸರ್ಕಾರಿ ಹುದ್ದೆಗೆ ಧರ್ಮದ ಪರೀಕ್ಷೆ ಇರಬಾರದೆಂಬ ಸಂವಿಧಾನದ 116ನೇ ವಿಧಿ ಇಲ್ಲಿ ಅನ್ವಯಿಸದು, ಏಕೆಂದರೆ ಚಾಪ್ಲಿನರದು ಒಕ್ಕೂಟ ಸರ್ಕಾರದ ಹುದ್ದೆಯಲ್ಲ ಎಂದಿತು ನ್ಯಾಯಾಲಯ. ಆದರೆ ಸಂಸತ್ತಿನ ಕಾನೂನಿನ ಆಧಾರವಿಲ್ಲದೆ ಸರ್ಕಾರ ಹೀಗೆ ಹಣ ಕೊಡುವಂತಿಲ್ಲ ಎಂದಿತು. ಸಂಸತ್ತು ಕೆಲವೇ ದಿನಗಳಲ್ಲಿ ಕಾನೂನು ಮಾಡಿತು. 2014ರಲ್ಲಿ ಈ ಯೋಜನೆಯ ಮಟ್ಟಿಗೆ ಅದೂ ಬಿದ್ದುಹೋಯಿತು. ಬಳಿಕ ಹಣವು ರಾಜ್ಯಗಳ ಮೂಲಕ ಹರಿಯಿತು.

ಇನ್ನೊಂದು ವಾದವೂ ನಡೆದಿತ್ತು. ಧರ್ಮ ಬೋಧಿಸಬಾರದೆಂದ ಮೇಲೆ, ಧಾರ್ಮಿಕ ವ್ಯಕ್ತಿಯೇ ಏಕೆ ಬೇಕು? 2011ರಲ್ಲಿ ಧರ್ಮಕ್ಕೆ ಸೇರದ ಕಾರ್ಯಕರ್ತರಿಗೂ ಅವಕಾಶ ಕೊಡಲು ನಿರ್ಧರಿಸಲಾಯಿತು. 2014ರಲ್ಲಿ ಅದನ್ನು ಹಿಂತೆಗೆಯಲಾಯಿತು. 2023ರಲ್ಲಿ ಯೋಜನೆಯ ಹೆಸರೇ ಬದಲಾಗಿ, ಚಾಪ್ಲಿನರೋ ಇತರ ಕಾರ್ಯಕರ್ತರೋ ಎಂಬ ಆಯ್ಕೆ ಶಾಲೆಗೆ ಮರಳಿತು.

ಪ್ರಿಯರೇ, ಈ ಚರಿತ್ರೆಯಲ್ಲಿ ನಮಗೇನು ಪಾಠ? ನಮ್ಮ ಸಂವಿಧಾನದ 28ನೇ ವಿಧಿಯ ಪ್ರಕಾರ, ಪೂರ್ತಿ ಸರ್ಕಾರಿ ಹಣದಿಂದಲೇ ನಡೆಯುವ ವಿದ್ಯಾಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಇರುವಂತಿಲ್ಲ. ಅಲ್ಪಸಂಖ್ಯಾತರಾದ ನಮ್ಮ ಮಕ್ಕಳಿಗೂ ಅದು ರಕ್ಷೆ. ಸರ್ಕಾರಿ ಶಾಲೆಯಲ್ಲಿ ಓದುವ ನಮ್ಮ ಮಗುವಿಗೆ ಬೇರೊಂದು ಧರ್ಮದ ಬೋಧಕರನ್ನು ನೇಮಿಸಿದರೆ ನಮಗೆ ಕಳವಳವಾಗದೇ? ಹಾಗಾದರೆ ಆ ಟೂವೂಂಬಾದ ತಂದೆಯ ಕಳವಳವನ್ನು ನಾವು ವೈರವೆಂದು ಕರೆಯಲಾಗದು. ಅದೇ ವೇಳೆ, ಅಳುವ ಮಗುವಿನ ಪಕ್ಕ ಕುಳಿತ ಚಾಪ್ಲಿನರ ಸೇವೆಯನ್ನೂ ನಾವು ಕಡೆಗಣಿಸಲಾಗದು.

ಸಂತ ಮಾರ್ಟಿನರು ಭಿಕ್ಷುಕನ ಧರ್ಮವನ್ನು ಕೇಳಲಿಲ್ಲ. ಅವನ ಚಳಿಯನ್ನು ಕಂಡರು. ಆ ರಾತ್ರಿ ಕನಸಿನಲ್ಲಿ ಅದೇ ಅರ್ಧ ಮೇಲಂಗಿಯನ್ನು ಹೊದ್ದು ಬಂದವರು ಯೇಸುಸ್ವಾಮಿಯೇ. ನಮ್ಮ ಬೀದಿಯ ಸರ್ಕಾರಿ ಶಾಲೆಯ ಮಗುವಿಗೆ ಒಂದು ನೋಟ್‌ಬುಕ್, ಸಂಜೆಯ ಪಾಠ, ಒಂದು ಒಳ್ಳೆಯ ಮಾತು ಕೊಡಲು ನಮಗೆ ಯಾವ ಹುದ್ದೆಯೂ ಬೇಕಿಲ್ಲ. ಈ ಹಬ್ಬದಂದು ನಾವು ಅಷ್ಟನ್ನಾದರೂ ಮಾಡೋಣ.