ಬೋರ್ಡ್ ಹೈಸ್ಕೂಲಿನ ಕಟ್ಟಡ ಯಾರದು?

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ರಾಯದುರ್ಗದ ಕಡೆ ವಯಸ್ಸಾದವರನ್ನು ಮಾತಾಡಿಸಿ ನೋಡಿ. ಜಿಲ್ಲಾ ಪರಿಷತ್ ಹೈಸ್ಕೂಲು ಎನ್ನುವುದಿಲ್ಲ, "ಬೋರ್ಡ್ ಹೈಸ್ಕೂಲು" ಎನ್ನುತ್ತಾರೆ. ಮದರಾಸು ಸರ್ಕಾರದ ಕಾಲದಲ್ಲಿ ಊರುಗಳ ಹೈಸ್ಕೂಲು ನಡೆಸುತ್ತಿದ್ದದ್ದು ಜಿಲ್ಲಾ ಬೋರ್ಡು. 1959ರ ಕಾಯ್ದೆಯಿಂದ ಬೋರ್ಡು ಹೋಗಿ ಜಿಲ್ಲಾ ಪರಿಷತ್ತು ಬಂತು, ಶಾಲೆಗಳು ಅದರ ಕೈಗೆ ಹೋದವು. ಪಟ್ಟಣಗಳಲ್ಲಿ ಪುರಸಭೆಯ ಹೈಸ್ಕೂಲುಗಳು ಬೇರೆ. ಹಿಂದೂಪುರದ ಎಂ.ಜಿ.ಎಂ. ಹೈಸ್ಕೂಲು ಅಂಥದ್ದು. ಹೆಸರು ಬದಲಾದರೂ ಜನರ ಬಾಯಲ್ಲಿ ಬೋರ್ಡು ಉಳಿದಿದೆ!

ನಮ್ಮ ಸೀಮೆಯೂ ಹೀಗೆಯೇ ಕೈಯಿಂದ ಕೈಗೆ ಹೋದದ್ದು. 1800ರಲ್ಲಿ ನಿಜಾಮರು ಇದನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟರು, 'ದತ್ತ ಮಂಡಲ' ಎಂಬ ಹೆಸರು ಬಂತು. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆ ಮಾಡಿದರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿಯ ಬಹುಭಾಗ ಮೈಸೂರಿಗೆ ಹೋಯಿತು, ರಾಯದುರ್ಗ ಅನಂತಪುರಕ್ಕೆ ಬಂತು. 2022ರ ಏಪ್ರಿಲ್‌ನಲ್ಲಿ ಹಿಂದೂಪುರ, ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. 1953ರ ಗೆರೆಯನ್ನು ಬಿಟ್ಟರೆ ಉಳಿದ ಯಾವ ಗೆರೆಯೂ ಭಾಷೆಯನ್ನು ಕೇಳಿ ಎಳೆದದ್ದಲ್ಲ. ಕಲ್ಯಾಣದುರ್ಗದ ಕಡೆಯ ರಾಳ್ಲಪಲ್ಲಿಯಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತೆಲುಗು ಕಲಿಸಿದರು, ಕನ್ನಡದಲ್ಲೂ ಬರೆದರು. ನಮ್ಮ ಮಕ್ಕಳಿಗೆ ಇವರ ಹೆಸರನ್ನಾದರೂ ಹೇಳಬೇಕು.

ಇರಲಿ, ಕಟ್ಟಡದ ವಿಷಯಕ್ಕೆ ಬರೋಣ. ನಮ್ಮ ಕಡೆಯ ಹಳೆಯ ಶಾಲೆಗಳು ಕಲ್ಲು, ಸುಣ್ಣದ ಗಾರೆಯವು. ಮೇಲೆ ಚಪ್ಪಡಿ, ಇಲ್ಲವೇ ಮರದ ತೊಲೆಯ ಮೇಲೆ ಹೆಂಚು. ಗೋಡೆ ದಪ್ಪ, ಕಿಟಕಿ ಚಿಕ್ಕದು, ಬೇಸಿಗೆಗೆ ತಂಪು. ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಅನಂತಪುರವೂ ಒಂದು. ಆದ್ದರಿಂದ ಮಾಳಿಗೆ ಸೋರುವುದನ್ನು ಯಾರೂ ದೊಡ್ಡದಾಗಿ ಎಣಿಸುತ್ತಿರಲಿಲ್ಲ. ಆದರೆ ಮಳೆ ಬಂದಾಗ ಒಂದೇ ಸಲ ಸುರಿಯುತ್ತದೆ. ಚಪ್ಪಡಿಗಳ ಸಂದಿನ ಗಾರೆ ಬಿಸಿಲಿಗೆ ಬಿರಿದಿರುತ್ತದೆ, ನೀರು ಅಲ್ಲಿಂದಲೇ ಇಳಿಯುತ್ತದೆ. ತೊಲೆಗೆ ಗೆದ್ದಲು ಹಿಡಿದರೆ ಹೊರಗೆ ಗೊತ್ತಾಗುವುದಿಲ್ಲ. ಮೇಲೆ ಬಣ್ಣ ಚೆನ್ನಾಗಿರುತ್ತದೆ, ಒಳಗೆ ಬರೀ ಮಣ್ಣು. ಗುತ್ತಿಗೆದಾರರು ಇಂಥ ಕಟ್ಟಡವನ್ನು ಕೆಡವಿಬಿಡಿ ಎನ್ನುತ್ತಾರೆ. ಊರಿನ ಹಳೆ ಗಾರೆಕೆಲಸದವರು ಮಾತ್ರ ಗೋಡೆಗೆ ಕಿವಿಗೊಟ್ಟು, ತಟ್ಟಿ ನೋಡಿ, ಗೋಡೆ ಗಟ್ಟಿಯಾಗಿದೆ, ಮಾಳಿಗೆ ಬದಲಿಸಿ ಸಾಕು ಎನ್ನುತ್ತಾರೆ. ನಮಗೆ ಇವರ ಮಾತೇ ಹೆಚ್ಚು ಸರಿ ಎನಿಸಿದೆ.

ಊರವರ ಸಹಾಯ ಈ ಶಾಲೆಗಳಿಗೆ ಹೊಸದಲ್ಲ. ಜಾಗ ಬಿಟ್ಟುಕೊಟ್ಟವರು, ಗಾಡಿಯಲ್ಲಿ ಕಲ್ಲು ಹೊಡೆದವರು, ಕಡಲೆಕಾಯಿ ಸುಗ್ಗಿಯಲ್ಲಿ ಚಂದಾ ಎತ್ತಿದವರು ಇದ್ದರು. ಸರ್ಕಾರ ಇದನ್ನೇ ಕಾರ್ಯಕ್ರಮವಾಗಿ ಮಾಡಿದ್ದು 1997ರ ಜನವರಿಯಲ್ಲಿ, 'ಜನ್ಮಭೂಮಿ' ಎಂಬ ಹೆಸರಿನಲ್ಲಿ. ಊರು ತನ್ನ ಪಾಲಿನ ಹಣ ಕೊಡಬೇಕು ಅಥವಾ ಶ್ರಮದಾನ ಮಾಡಬೇಕು, ಉಳಿದದ್ದು ಸರ್ಕಾರದ್ದು. ಮರುವರ್ಷವೇ, 1998ರಲ್ಲಿ, ಶಾಲೆಗಳಲ್ಲಿ ಜನರ ಪಾಲ್ಗೊಳ್ಳುವಿಕೆಗೆ ಒಂದು ಕಾಯ್ದೆಯೂ ಬಂದು ಶಾಲಾ ಸಮಿತಿಗಳಾದವು. ಒಂದು ಮಾತು ಹೇಳಲೇಬೇಕು. ಬರದ ವರ್ಷದಲ್ಲಿ ಬಡ ಊರಿನಿಂದ ಪಾಲು ಕೇಳುವುದು ನ್ಯಾಯವಲ್ಲ. ಅನುಕೂಲವಿದ್ದ ಊರಿಗೆ ಕೊಠಡಿ ಬರುತ್ತದೆ, ಇಲ್ಲದ ಊರು ಕಾಯುತ್ತದೆ. ಮಕ್ಕಳು ಎರಡೂ ಕಡೆ ಇರುತ್ತಾರಲ್ಲ!

ಬೆಂಗಳೂರು ಹತ್ತಿರವಿರುವುದು ನಮ್ಮ ಕಡೆಗೆ ಒಂದು ಅನುಕೂಲ. ಇಲ್ಲಿ ಓದಿ ಅಲ್ಲಿ ಅಂಗಡಿ, ಕಾರ್ಖಾನೆ, ಆಫೀಸು ಸೇರಿದವರು ಬಹಳ. ಹತ್ತನೇ ತರಗತಿಯ ಹಳೆ ಬ್ಯಾಚಿನವರು ವರ್ಷಕ್ಕೊಮ್ಮೆ ಸೇರಿ ಊಟ ಮಾಡಿ, ಗುರುಗಳಿಗೆ ಶಾಲು ಹೊದಿಸಿ, ಫ್ಯಾನು, ಬೆಂಚು, ನೀರಿನ ಫಿಲ್ಟರು ಕೊಟ್ಟು ಹೋಗುತ್ತಾರೆ. ಸಂತೋಷವೇ. ಆದರೆ ಶೌಚಾಲಯ ಸರಿಮಾಡಿಸಿ, ಗುಡಿಸುವವರಿಗೆ ಒಂದು ವರ್ಷದ ಸಂಬಳ ಕೊಡಿ ಎಂದರೆ ಮುಂದೆ ಬರುವವರು ಕಡಿಮೆ. ಫ್ಯಾನಿನ ರೆಕ್ಕೆಯ ಮೇಲೆ ಹೆಸರು ಬರೆಸಬಹುದು, ಶೌಚಾಲಯದ ಮೇಲೆ ಬರೆಸುವುದು ಹೇಗೆ ಎಂದು ನಾವು ಸ್ಟಾಫ್ ರೂಮಿನಲ್ಲಿ ನಗುತ್ತೇವೆ.

2019ರ ನವೆಂಬರ್ 14ರಂದು 'ಮನ ಬಡಿ ನಾಡು-ನೇಡು' ಆರಂಭವಾಯಿತು. ಮೊದಲ ಹಂತದಲ್ಲಿ ರಾಜ್ಯದ 15,715 ಶಾಲೆಗಳು. ನೀರಿರುವ ಶೌಚಾಲಯ, ಕುಡಿಯುವ ನೀರು, ದುರಸ್ತಿ, ವಿದ್ಯುತ್ತು, ಪೀಠೋಪಕರಣ, ಹಸಿರು ಬೋರ್ಡು, ಬಣ್ಣ, ಇಂಗ್ಲಿಷ್ ಲ್ಯಾಬು, ಕಾಂಪೌಂಡು, ಹೀಗೆ ಒಂಬತ್ತು ಬಾಬ್ತು. ಇದರಲ್ಲಿ ನಮಗೆ ಮೆಚ್ಚಿಗೆಯಾದದ್ದು ಗುತ್ತಿಗೆದಾರರಿಲ್ಲದೆ ಪೋಷಕರ ಸಮಿತಿಯ ಮೂಲಕವೇ ಕೆಲಸ ಮಾಡಿಸಿದ್ದು. ಸಿಮೆಂಟು ಎಷ್ಟು ಮೂಟೆ ಬಂತು, ಮರಳು ಎಷ್ಟು ಎಂದು ತಾಯಂದಿರು ಎಣಿಸಿದರು. ಮಾಸ್ತರುಗಳಿಗೆ ಪಾಠದ ಜೊತೆ ಲೆಕ್ಕ ಬರೆಯುವ ಕೆಲಸವೂ ಬಿತ್ತು, ಅದು ಬೇರೆ ಮಾತು. ಎರಡನೇ ಹಂತ 2021ರಲ್ಲಿ ಶುರುವಾಯಿತು. 2024ರಲ್ಲಿ ಸರ್ಕಾರ ಬದಲಾಗುವ ಹೊತ್ತಿಗೆ ಎಷ್ಟೋ ಕಡೆ ಕಂಬಿ ಎದ್ದು ನಿಂತಿದ್ದವು, ಮೇಲೆ ಸ್ಲ್ಯಾಬ್ ಇರಲಿಲ್ಲ.

ಇದೇ ಕಾಲದಲ್ಲಿ ಮಾಧ್ಯಮದ ಪ್ರಶ್ನೆಯೂ ಬಂತು. ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮ ಮಾಡುವ 2019ರ ಆದೇಶವನ್ನು ಹೈಕೋರ್ಟು 2020ರ ಏಪ್ರಿಲ್‌ನಲ್ಲಿ ರದ್ದುಮಾಡಿತು. 2022ರಲ್ಲಿ ಜಿ.ಓ. 117 ಬಂದು ಪ್ರಾಥಮಿಕ ಶಾಲೆಯ 3, 4, 5ನೇ ತರಗತಿಗಳನ್ನು ಹತ್ತಿರದ ಹೈಸ್ಕೂಲಿಗೆ ಸೇರಿಸಿದಾಗ ಕೊಠಡಿಗಳಿಗೆ ಎಳೆದಾಟವಾಯಿತು. 2025ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟರು.

ನಮ್ಮ ಚಿಂತೆ ಇರುವುದು ಇಲ್ಲಿ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಐದನೇ ತರಗತಿ ದಾಟಿದ ಕನ್ನಡದ ಮಗುವಿಗೆ ಆ ಆಸರೆ ಇಲ್ಲ. ಹಳೆ ಕಟ್ಟಡ ಕೆಡವಿ ಹೊಸದು ಕಟ್ಟುವಾಗ ಎರಡು ವರ್ಷ ಕೊಠಡಿ ಸಾಲದೆ ಕಡಿಮೆ ಮಕ್ಕಳಿರುವ ವಿಭಾಗವನ್ನೇ ಮೊದಲು ವರಾಂಡಕ್ಕೆ ಕಳಿಸುತ್ತಾರೆ. ವರಾಂಡದಲ್ಲಿ ಕೂತ ಮಗುವನ್ನು ತಂದೆತಾಯಿ ಗಡಿಯಾಚೆಯ ಪಾವಗಡಕ್ಕೋ ಗೌರಿಬಿದನೂರಿಗೋ ಸೇರಿಸುತ್ತಾರೆ, ಇಲ್ಲವೇ ಇಂಗ್ಲಿಷ್ ವಿಭಾಗಕ್ಕೆ. ಹೊಸ ಕಟ್ಟಡ ಮುಗಿಯುವ ಹೊತ್ತಿಗೆ ಹಾಜರಿ ಪುಸ್ತಕದಲ್ಲಿ ಹೆಸರುಗಳು ಕಡಿಮೆ. ಆಮೇಲೆ ಕನ್ನಡ ಹುದ್ದೆಯೂ ಖಾಲಿ ಬೀಳುತ್ತದೆ.

2025ರ ಜುಲೈ 10ರಂದು ರಾಜ್ಯದ ಎಲ್ಲ ಶಾಲೆಗಳಲ್ಲೂ ಪೋಷಕ-ಶಿಕ್ಷಕರ ಮಹಾಸಭೆ ನಡೆಯಿತು, ಮುಖ್ಯಮಂತ್ರಿಗಳು ನಮ್ಮದೇ ಜಿಲ್ಲೆಯ ಕೊತ್ತಚೆರುವು ಹೈಸ್ಕೂಲಿಗೆ ಬಂದಿದ್ದರು. ಇಂಥ ಸಭೆಗಳಲ್ಲಿ ಕನ್ನಡ ವಿಭಾಗದ ಪೋಷಕರು ಹಿಂದೆ ಕೂರುತ್ತಾರೆ, ತೆಲುಗಿನಲ್ಲಿ ಮಾತಾಡಲು ಸಂಕೋಚ. ಮುಂದಿನ ಸಭೆಗೆ ಬರುವವರು ಮುಂದೆ ಬಂದು ಕೂರಬೇಕು. ಕಟ್ಟಡದ ನಕ್ಷೆ ಕೇಳಿ ನೋಡಬೇಕು. ಕೆಲಸ ಮುಗಿಯುವವರೆಗೆ ಕನ್ನಡದ ಮಕ್ಕಳು ಯಾವ ಕೊಠಡಿಯಲ್ಲಿ ಕೂರುತ್ತಾರೆ, ಮುಗಿದ ಮೇಲೆ ಯಾವುದರಲ್ಲಿ ಎಂದು ಸಮಿತಿಯ ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಕನ್ನಡದಲ್ಲಿ ಹೇಳಿದರೂ ನಡೆಯುತ್ತದೆ, ಬರೆದುಕೊಳ್ಳಲು ನಾವಿದ್ದೇವೆ.