ಒಡವೆಯ ವಂಶಾವಳಿ: ಹರಾಜಿಗೆ ಬಂದ ಭಾರತೀಯ ರತ್ನಶಿಲ್ಪ

ಕುಂದಣದಲ್ಲಿ ಕೂರಿಸಿದ ಕೆಂಪಿಗಾಗಲಿ, ಜೇಡ್ ಶಿಲೆಯಲ್ಲಿ ಕಡೆದ ಬಟ್ಟಲಿಗಾಗಲಿ, ಹೂಬಳ್ಳಿ ಕೆತ್ತಿದ ಪಚ್ಚೆಗಾಗಲಿ ಬೆಲೆ ಕಟ್ಟುವ ರೀತಿ ಎಲ್ಲ ಕಾಲಕ್ಕೂ ಒಂದೇ ಆಗಿರಲಿಲ್ಲ. ಚಿನಿವಾರನು ತೂಕವನ್ನು ನೋಡಿದನು. ರತ್ನಪರೀಕ್ಷಕನು ಬಣ್ಣವನ್ನೂ ಕಾಂತಿಯನ್ನೂ ದೋಷವನ್ನೂ ನೋಡಿದನು. ಅರಮನೆಯ ತೋಶಾಖಾನೆಯ ಅಧಿಕಾರಿಯು ಅದನ್ನು ಯಾವ ದೊರೆ ಯಾವ ಸಂದರ್ಭದಲ್ಲಿ ಧರಿಸಿದನೆಂಬುದನ್ನು ದಫ್ತರದಲ್ಲಿ ಬರೆದಿಟ್ಟನು. ಕಳೆದ ಎರಡೂಕಾಲು ಶತಮಾನಗಳಲ್ಲಿ ಬೆಳೆದುಬಂದ ಹರಾಜಿನ ಪೇಟೆಯಾದರೋ ಇವೆಲ್ಲವನ್ನೂ ಒಳಗೊಂಡು, ಇವೆಲ್ಲಕ್ಕೂ ಮಿಗಿಲಾಗಿ ಮತ್ತೊಂದು ಪ್ರಶ್ನೆಯನ್ನು ಮುಂದಿಟ್ಟಿತು: ಈ ವಸ್ತು ಯಾರ ಯಾರ ಕೈ ದಾಟಿ ಇಲ್ಲಿಗೆ ಬಂದಿತು? ಆ ಪ್ರಶ್ನೆಗೆ ದೊರೆತ ಉತ್ತರವು ಎಷ್ಟು ಪ್ರತಿಷ್ಠಿತವಾಗಿದ್ದಿತೋ ಅಷ್ಟು ಬೆಲೆ ಏರಿತು. ಆದರೆ ಪೇಟೆ ಬರೆದಿಟ್ಟ ಈ ವಂಶಾವಳಿಯು ಬಹುಪಾಲು ಸಂದರ್ಭಗಳಲ್ಲಿ ಒಡವೆಯನ್ನು ಮಾಡಿದ ಕೈಯಿಂದ ಆರಂಭವಾಗದೆ ಅದನ್ನು ಕೊಂಡೊಯ್ದ ಕೈಯಿಂದ ಆರಂಭವಾಗುತ್ತದೆ ಎಂಬುದು ಈ ಕ್ಷೇತ್ರದ ಚರಿತ್ರೆಯನ್ನು ಓದುವ ಯಾರನ್ನೂ ತಟ್ಟದೆ ಇರದ ಸಂಗತಿ.

ಲಂಡನ್ನಿನ ದೊಡ್ಡ ಹರಾಜು ಸಂಸ್ಥೆಗಳು ಹುಟ್ಟಿದ್ದು ಹದಿನೆಂಟನೆಯ ಶತಮಾನದಲ್ಲಿ: ಸದಬೀಸ್ 1744ರಲ್ಲಿ ಪುಸ್ತಕಗಳ ಮಾರಾಟದಿಂದ ಮೊದಲಾಯಿತು, ಕ್ರಿಸ್ಟೀಸ್ 1766ರಲ್ಲಿ, ಬಾನಮ್ಸ್ 1793ರಲ್ಲಿ. ಅದೇ ಶತಮಾನದ ಕೊನೆಯಲ್ಲಿ, 1799ರ ಮೇ 4ರಂದು, ಶ್ರೀರಂಗಪಟ್ಟಣವು ಬ್ರಿಟಿಷರ ವಶಕ್ಕೆ ಬಿದ್ದಿತು. ಟಿಪ್ಪುವಿನ ಭಂಡಾರವನ್ನು ಲೆಕ್ಕಹಾಕಿ, ಪದವಿಗೆ ತಕ್ಕಂತೆ ಸೈನ್ಯಕ್ಕೆ ಹಂಚುವುದಕ್ಕಾಗಿ ಲೂಟಿಯ ಏಜೆಂಟರು ನಿಯುಕ್ತರಾದರು. ಹಂಚಲು ಒದಗದ ವಸ್ತುಗಳು ಬಹಿರಂಗ ಹರಾಜಿಗೆ ಬಂದವು. ಭಾರತೀಯ ರಾಜಾಭರಣಗಳು ಪಶ್ಚಿಮದ ಪೇಟೆಗೆ ಸಾಗಿದ ಹಾದಿಯ ಮೊದಲ ಮೆಟ್ಟಿಲುಗಳಲ್ಲಿ ಒಂದು ಹೀಗೆ ಕಾವೇರಿಯ ನಡುಗಡ್ಡೆಯಲ್ಲಿಯೇ ಇದೆ.

ಆ ಲೂಟಿಯಲ್ಲಿ ಶೋಚನೀಯವಾದುದು ಸಿಂಹಾಸನದ ಗತಿ. ಮರದ ಮೇಲೆ ಚಿನ್ನದ ತಗಡು ಹೊದಿಸಿದ ಆ ಅಷ್ಟಕೋನದ ಪೀಠವನ್ನು ಒಂದು ಹುಲಿಯ ಆಕೃತಿ ಹೊತ್ತಿತ್ತು. ಮೇಲುಗಡೆ ರತ್ನಖಚಿತವಾದ ಹುಮಾ ಪಕ್ಷಿ ರೆಕ್ಕೆ ಹರಡಿತ್ತು. ಸುತ್ತಣ ಕಟಕಟೆಯ ಮೇಲೆ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದಾದ ಹುಲಿತಲೆಗಳಿದ್ದವು. ಇಡೀ ಸಿಂಹಾಸನವನ್ನು ಹಾಗೆಯೇ ಉಳಿಸಿ ದೊರೆ ಮೂರನೆಯ ಜಾರ್ಜನಿಗೆ ಕಳುಹಿಸಬೇಕೆಂದು ಗವರ್ನರ್ ಜನರಲ್ ವೆಲೆಸ್ಲಿಯ ಮನಸ್ಸಿನಲ್ಲಿದ್ದಿತಾದರೂ, ಅವನ ಇಚ್ಛೆ ತಲಪುವುದಕ್ಕೆ ಮುಂಚೆಯೇ ಏಜೆಂಟರು ಅದನ್ನು ತುಂಡುತುಂಡಾಗಿ ಒಡೆದಿದ್ದರು. ಹುಮಾ ಪಕ್ಷಿಯೂ ದೊಡ್ಡ ಹುಲಿಯ ತಲೆಯೂ ಬ್ರಿಟಿಷ್ ರಾಜಮನೆತನದ ಸಂಗ್ರಹಕ್ಕೆ ಸಂದವು. ಪುಟ್ಟ ಹುಲಿತಲೆಗಳಲ್ಲಿ ಒಂದು ಕ್ಲೈವ್ ಮನೆತನದ ಪೋವಿಸ್ ಕೋಟೆಯಲ್ಲಿ ಉಳಿಯಿತು. ಇನ್ನೊಂದು 2009ರಲ್ಲಿ ಬಾನಮ್ಸ್ ಹರಾಜಿನಲ್ಲಿ 3,89,600 ಪೌಂಡಿಗೂ, ಮತ್ತೊಂದು ಮರುವರ್ಷ 4,34,400 ಪೌಂಡಿಗೂ ಮಾರಾಟವಾಯಿತು. ಅರಗಿನ ಒಡಲಿನ ಮೇಲೆ ಚಿನ್ನವನ್ನು ಹೊದಿಸಿ, ಕೆಂಪು, ಪಚ್ಚೆ, ವಜ್ರಗಳನ್ನು ಕುಂದಣದಲ್ಲಿ ಒತ್ತೊತ್ತಾಗಿ ಹುದುಗಿಸಿ, ಬಾಯಿ ತೆರೆದ ಆ ಮುಖಕ್ಕೆ ಉಗ್ರತೆಯನ್ನು ತಂದ ಅಕ್ಕಸಾಲಿಗನ ಹೆಸರು ಯಾವ ಹರಾಜು ಪಟ್ಟಿಯಲ್ಲಿಯೂ ಇಲ್ಲ. 2021ರಲ್ಲಿ ಮಗದೊಂದು ಹುಲಿತಲೆಗೆ 15 ಲಕ್ಷ ಪೌಂಡಿನ ಬೆಲೆ ಕಟ್ಟಿ, ಅದು ದೇಶ ಬಿಟ್ಟು ಹೋಗದಂತೆ ಬ್ರಿಟಿಷ್ ಸರ್ಕಾರವು ರಫ್ತಿಗೆ ತಾತ್ಕಾಲಿಕ ತಡೆ ವಿಧಿಸಿತು. ಶ್ರೀರಂಗಪಟ್ಟಣದಿಂದ ಹೊರಬಿದ್ದ ವಸ್ತುವು ಬ್ರಿಟನ್ನಿನ ಪರಂಪರೆಯ ಭಾಗವೆಂದು ರಕ್ಷಿತವಾದುದನ್ನು ಕಂಡು ಕನ್ನಡಿಗನಾದವನಿಗೆ ನೋವಾಗುವುದು ಸಹಜ. ಆ ನೋವನ್ನು ಸಣ್ಣತನವೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ.

ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಲಾಹೋರಿನ ಸಿಖ್ ತೋಶಾಖಾನೆಯೂ ಇದೇ ದಾರಿ ಹಿಡಿಯಿತು. 1849ರಲ್ಲಿ ಪಂಜಾಬು ಈಸ್ಟ್ ಇಂಡಿಯಾ ಕಂಪನಿಯ ವಶವಾದ ಬಳಿಕ ಕೊಹಿನೂರು ವಿಕ್ಟೋರಿಯಾ ರಾಣಿಗೆ ಹೋಯಿತು. ಉಳಿದುದರಲ್ಲಿ ಬಹಳಷ್ಟು ಹರಾಜಾಯಿತು. ಅಲ್ಲಿಂದ ಹೋದ ತೈಮೂರ್ ಮಾಣಿಕ್ಯವೆಂಬ ಹೆಸರಿನ, 352 ಕ್ಯಾರಟ್ಟಿಗೂ ಮಿಕ್ಕ ಕೆಂಪು ಕಲ್ಲು ವಾಸ್ತವದಲ್ಲಿ ಮಾಣಿಕ್ಯವಲ್ಲ, ಸ್ಪಿನೆಲ್. ಅದರ ಮೈಮೇಲೆ ಜಹಾಂಗೀರನೇ ಮೊದಲಾದ ಒಡೆಯರ ಹೆಸರುಗಳು ಪಾರಸಿ ಲಿಪಿಯಲ್ಲಿ ಕೊರೆಯಲ್ಪಟ್ಟಿವೆ. ರತ್ನವನ್ನೇ ಶಾಸನವನ್ನಾಗಿ ಮಾಡುವ ಈ ಸಂಪ್ರದಾಯವನ್ನು ತೈಮೂರನ ವಂಶದವರಿಂದ ಪಡೆದ ಮೊಗಲರು ಅದನ್ನು ಪರಾಕಾಷ್ಠೆಗೆ ಒಯ್ದರು. ಇಂದಿನ ಹರಾಜಿನವರು ಅತ್ಯಂತ ಆದರದಿಂದ ಕಾಣುವುದೂ ಇದನ್ನೇ, ಏಕೆಂದರೆ ಇಲ್ಲಿ ಒಡವೆಯ ವಂಶಾವಳಿಯನ್ನು ಒಡವೆಯೇ ಹೊತ್ತಿರುತ್ತದೆ.

ಯುರೋಪಿಗೆ ತನ್ನದೇ ಆದ ಕೆತ್ತನೆ ರತ್ನಗಳ ಸಂಗ್ರಹಪರಂಪರೆ ಇದ್ದಿತು. ಗ್ರೀಕ್ ರೋಮನ್ ಮುದ್ರೆಗಲ್ಲುಗಳನ್ನು ಅರಸರೂ ಶ್ರೀಮಂತರೂ ಶತಮಾನಗಳಿಂದ ಕೂಡಿಟ್ಟಿದ್ದರು. ಆ ಪೇಟೆಗೆ 1839ರಲ್ಲಿ ದೊಡ್ಡ ಪೆಟ್ಟು ಬಿದ್ದಿತು. ಪೋಲೆಂಡಿನ ರಾಜಕುಮಾರ ಪೊನಿಯಾತೊವ್‌ಸ್ಕಿಯ ಸಂಗ್ರಹದ ಎರಡು ಸಾವಿರಕ್ಕೂ ಹೆಚ್ಚು ಕಲ್ಲುಗಳು ಕ್ರಿಸ್ಟೀಸಿಗೆ ಬಂದಾಗ ಅವುಗಳಲ್ಲಿ ಬಹುತೇಕ ಪ್ರಾಚೀನವಲ್ಲ, ಸಮಕಾಲೀನ ಶಿಲ್ಪಿಗಳಿಂದ ಕೆತ್ತಿಸಿ ಪ್ರಾಚೀನರ ಸಹಿ ಹಾಕಿಸಿದಂಥವು ಎಂಬ ಗುಮಾನಿ ಬಲಿತು, ಕೊಳ್ಳುವವರ ವಿಶ್ವಾಸವೇ ಕುಸಿಯಿತು. ಕಲ್ಲಿನ ವಯಸ್ಸು ಕೋಟ್ಯಂತರ ವರ್ಷ. ಕೆತ್ತನೆಯ ವಯಸ್ಸನ್ನು ಕಲ್ಲು ಹೇಳುವುದಿಲ್ಲ. ಈ ತೊಡಕು ಅಂದಿನಂತೆ ಇಂದಿಗೂ ಇದೆ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ವಸ್ತುಗಳ ಪಯಣಕ್ಕೆ ಬೇರೆಯೇ ಒಂದು ತಿರುವು ಬಂದಿತು. 1911ರ ದೆಹಲಿ ದರ್ಬಾರಿನ ವರ್ಷ ಪ್ಯಾರಿಸ್ಸಿನ ಆಭರಣಕಾರ ಮನೆತನದ ಜಾಕ್ ಕಾರ್ತಿಯೇ ಭಾರತಕ್ಕೆ ಬಂದನು. ಮಹಾರಾಜರು ತಮ್ಮ ಹಳೆಯ ಚಿನ್ನದ ಒಡವೆಗಳನ್ನು ಬಿಚ್ಚಿಸಿ ಪ್ಲಾಟಿನಮ್ಮಿನಲ್ಲಿ ಹೊಸದಾಗಿ ಕಟ್ಟಿಸಿಕೊಂಡರು. ಎಲೆಯಾಗಿ ಹೂವಾಗಿ ಕೆತ್ತಿದ ಭಾರತದ ಪಚ್ಚೆ, ಕೆಂಪು, ನೀಲಗಳು ಪ್ಯಾರಿಸ್ಸಿನ ಹೆಂಗಸರ ಮುಂಗೈಗೆ ಏರಿದವು. ಟುಟ್ಟಿ ಫ್ರುಟ್ಟಿ ಎಂದು ಮುಂದೆ ಹೆಸರಾದ ಆ ಶೈಲಿಯ ಒಂದು ಕಡಗವು 2020ರ ಏಪ್ರಿಲಿನಲ್ಲಿ, ಲೋಕವೆಲ್ಲ ಬಾಗಿಲು ಮುಚ್ಚಿಕೊಂಡಿದ್ದಾಗ, ಸದಬೀಸಿನ ಅಂತರ್ಜಾಲದ ಹರಾಜಿನಲ್ಲಿ 13 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. ಹೊಸ ಕಟ್ಟಿನಲ್ಲಿ ಆ ಕಲ್ಲುಗಳು ಬದುಕಿಕೊಂಡುವು, ನಿಜ. ಆದರೆ ಅವು ಮೊದಲು ಕುಳಿತಿದ್ದ ಪದಕ, ತೋಳಬಂದಿ, ತುರಾಯಿಗಳ ರೂಪವು ಮತ್ತೆಂದೂ ಬಾರದಂತೆ ಅಳಿಯಿತು.

ಸ್ವಾತಂತ್ರ್ಯಾನಂತರ, ವಿಶೇಷವಾಗಿ 1971ರಲ್ಲಿ ರಾಜಧನ ರದ್ದಾದ ಮೇಲೆ, ಅರಮನೆಗಳ ಪೆಟ್ಟಿಗೆಗಳು ತೆರೆದುಕೊಂಡವು. ಮರುವರ್ಷವೇ ಬಂದ ಪ್ರಾಚ್ಯವಸ್ತು ಮತ್ತು ಕಲಾನಿಧಿಗಳ ಅಧಿನಿಯಮವು 1976ರಲ್ಲಿ ಜಾರಿಗೆ ಬಂದು, ನೂರು ವರ್ಷ ದಾಟಿದ ಶಿಲ್ಪ, ಆಭರಣಾದಿಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವುದನ್ನು ನಿಷೇಧಿಸಿತು. ಅಲ್ಲಿಂದ ಪೇಟೆ ಎರಡಾಗಿ ಸೀಳಿತು: ಕಾನೂನಿಗೆ ಮುಂಚೆ ಹೊರಗೆ ಹೋದ ವಸ್ತುವಿಗೆ ಲೋಕದ ಬೆಲೆ, ಒಳಗುಳಿದುದಕ್ಕೆ ದೇಶದೊಳಗಿನ ಬೆಲೆ. ಹೈದರಾಬಾದಿನ ನಿಜಾಮರ ಆಭರಣಗಳ ಪ್ರಕರಣವು ಇದಕ್ಕೆ ನಿದರ್ಶನ. ದೀರ್ಘಕಾಲದ ವ್ಯಾಜ್ಯದ ಅನಂತರ 1995ರಲ್ಲಿ ಕೇಂದ್ರ ಸರ್ಕಾರವು 173 ಆಭರಣಗಳನ್ನು, 184.75 ಕ್ಯಾರಟ್ಟಿನ ಜೇಕಬ್ ವಜ್ರವೂ ಸೇರಿದಂತೆ, 218 ಕೋಟಿ ರೂಪಾಯಿಗೆ ಕೊಂಡುಕೊಂಡಿತು. ಲೋಕದ ಪೇಟೆಯ ಧಾರಣೆಗಿಂತ ಇದು ಬಹಳ ಕಡಿಮೆಯೆಂದು ಅಂದು ಆಕ್ಷೇಪಿಸಿದವರುಂಟು. ಆದರೂ ಒಂದು ಅರಸುಮನೆಯ ಸಂಗ್ರಹವು ಬಿಡಿಬಿಡಿಯಾಗಿ ಚೆದುರದೆ ಒಂದೆಡೆ ಉಳಿಯಿತೆಂಬುದೇ ನನ್ನ ಮಟ್ಟಿಗೆ ದೊಡ್ಡ ಲಾಭ.

ಈ ನಡುವೆ ವಿದ್ವತ್ತು ಬೆಳೆಯಿತು. 1909ರಲ್ಲಿ ಪೂರ್ಣಗೊಂಡ ಹೆಂಡ್ಲಿಯ ಭಾರತೀಯ ಆಭರಣ ಗ್ರಂಥ, 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ನಡೆದ ಮೊಗಲ್ ಕಲಾಪ್ರದರ್ಶನ, 2001ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಏರ್ಪಟ್ಟ ಕುವೈತಿನ ಅಲ್ ಸಬಾ ಸಂಗ್ರಹದ ಪ್ರದರ್ಶನ, ಇವುಗಳಿಂದ ಕೊಳ್ಳುವವರ ಕಣ್ಣು ತಿದ್ದಿತು. ತೂಕವನ್ನೂ ಬೆಲೆಯನ್ನೂ ಮಾತ್ರ ಹೇಳುತ್ತಿದ್ದ ಹರಾಜು ಪಟ್ಟಿಯು ಶಾಸನಪಾಠ, ಶೈಲಿವಿಚಾರ, ಸದೃಶವಸ್ತುಗಳ ಚರ್ಚೆಗಳಿಂದ ಕೂಡಿದ ಪ್ರಬಂಧವಾಯಿತು.

2001ರ ಸೆಪ್ಟೆಂಬರಿನಲ್ಲಿ ಕ್ರಿಸ್ಟೀಸಿನಲ್ಲಿ ಮಾರಾಟವಾದ ಮೊಗಲ್ ಪಚ್ಚೆಯು ಇಂಥ ವಿವೇಚನೆಗೆ ತಕ್ಕ ವಸ್ತುವಾಗಿದ್ದಿತು. 217.80 ಕ್ಯಾರಟ್ಟಿನ, ಬೆಂಕಿಪೊಟ್ಟಣಕ್ಕಿಂತ ಬಹಳ ದೊಡ್ಡದಲ್ಲದ ಆ ಚಪ್ಪಟೆ ಕಲ್ಲಿನ ಒಂದು ಮುಖದಲ್ಲಿ ಹೂಗಳ ವಿನ್ಯಾಸ. ಇನ್ನೊಂದು ಮುಖದಲ್ಲಿ ಶಿಯಾ ಪಂಥದ ಪ್ರಾರ್ಥನೆ, ಹಿಜರಿ 1107, ಎಂದರೆ ಕ್ರಿಸ್ತಶಕ 1695-96ರ ತೇದಿ. ಅಂಚುಗಳಲ್ಲಿ ಪೋಣಿಸುವುದಕ್ಕೆ ಕೊರೆದ ರಂಧ್ರಗಳು. ಆಳುತ್ತಿದ್ದವನು ಕಟ್ಟಾ ಸುನ್ನಿಯಾದ ಔರಂಗಜೇಬ. ಹಾಗಿದ್ದರೆ ಈ ಶಿಯಾ ಪ್ರಾರ್ಥನೆಯನ್ನು ಕೆತ್ತಿಸಿದವರು ಯಾರು? ವಿಜಾಪುರವು 1686ರಲ್ಲಿಯೂ ಗೋಲ್ಕೊಂಡವು 1687ರಲ್ಲಿಯೂ ಬಿದ್ದು ಇನ್ನೂ ಹತ್ತು ವರ್ಷವಾಗಿರಲಿಲ್ಲವಾದುದರಿಂದ, ಶಿಯಾ ಸಂಸ್ಕಾರ ಬೇರೂರಿದ್ದ ದಖ್ಖನ್ನಿನ ಕಡೆಗೆ ವಿದ್ವಾಂಸರ ಊಹೆ ತಿರುಗಿದುದು ಸಹಜ. ಕೊಲಂಬಿಯದ ಗಣಿಯಲ್ಲಿ ಹುಟ್ಟಿ, ಹಡಗುಗಳಲ್ಲಿ ಸಮುದ್ರಗಳನ್ನು ದಾಟಿ, ಭಾರತದಲ್ಲಿ ದೇವರ ಹೆಸರನ್ನು ಧರಿಸಿದ ಈ ಕಲ್ಲು 15 ಲಕ್ಷ ಪೌಂಡಿಗೂ ಮೇಲ್ಪಟ್ಟು ಬೆಲೆ ತಂದು ಈಗ ಕತಾರಿನ ದೋಹಾದಲ್ಲಿದೆ.

ಇಂಥ ಕೆಲಸದ ಶ್ರಮವನ್ನು ಬಲ್ಲವರು ಕಡಿಮೆ. ಜೇಡ್ ಶಿಲೆಯನ್ನು ಉಕ್ಕಿನ ಉಳಿಯಿಂದ ಕೆತ್ತಲಾಗದು, ಅದನ್ನು ತೇಯಬೇಕು. ತಿರುಗುವ ಸಾಣೆಗೆ ಕುರುಂದದಂಥ ಗಟ್ಟಿ ಕಲ್ಲಿನ ಪುಡಿಯನ್ನು ನೀರಿನೊಡನೆ ಊಡುತ್ತ, ತಿಂಗಳುಗಟ್ಟಲೆ ಸವೆಯಿಸಿ ಸವೆಯಿಸಿ ಒಳಗಿನ ರೂಪವನ್ನು ಹೊರತರಬೇಕು. ಒಂದು ಕಡೆ ಒತ್ತಡ ಹೆಚ್ಚಾದರೆ ಅಷ್ಟು ದಿನದ ಕೆಲಸವೂ ಹೋಯಿತು. ಷಾಜಹಾನನಿಗಾಗಿ 1657ರಲ್ಲಿ ಸಿದ್ಧವಾದ ಬಿಳಿಯ ಜೇಡ್ ಬಟ್ಟಲು ಲಂಡನ್ನಿನಲ್ಲಿದೆ: ಬುಡದಲ್ಲಿ ಕಮಲ, ಒಡಲು ಸೋರೆಯ ಹೋಳಿನಂತೆ, ಹಿಡಿಯ ತುದಿಯಲ್ಲಿ ಕೋಡು ಬಾಗಿದ ಒಂದು ಮೇಕೆಯ ತಲೆ. ಬಟ್ಟಲಿನ ಗೋಡೆ ಬೆಳಕು ತೂರುವಷ್ಟು ತೆಳುವು. ಒಡೆಯನ ಬಿರುದು ಅದರ ಮೇಲಿದೆ, ಕುಶಲಿಯ ಹೆಸರಿಲ್ಲ. ಜಹಾಂಗೀರ ಷಾಜಹಾನರ ಅಕ್ಕಸಾಲೆಯ ಮುಖ್ಯಸ್ಥನಾಗಿ, ಮಯೂರಸಿಂಹಾಸನದ ಕೆಲಸವನ್ನು ನಡೆಸಿದ ಸಯೀದಾ ಗೀಲಾನಿಯಂಥವರ ಹೆಸರು ಉಳಿದಿರುವುದು ಅಪವಾದ. ಅವನು ಕವಿಯೂ ಆಗಿದ್ದನೆಂಬುದು ಅದಕ್ಕೆ ಒಂದು ಕಾರಣವಾಗಿರಬಹುದು.

2007ರಿಂದ ಈಚಿನ ಬೆಲೆಗಳು ಹಿಂದಿನ ಅಳತೆಗೆ ಸಿಕ್ಕುವಂಥವಲ್ಲ. ಆ ವರ್ಷ ಬರೋಡದ ಎರಡೆಳೆಯ ಮುತ್ತಿನ ಹಾರವು 70 ಲಕ್ಷ ಡಾಲರನ್ನು ದಾಟಿತು. 2011ರಲ್ಲಿ ಜಿನೀವಾದಲ್ಲಿ ಹನ್ನೊಂದು ಸ್ಪಿನೆಲ್ಲುಗಳ ಮೊಗಲ್ ಹಾರವು, ಅವುಗಳಲ್ಲಿ ಮೂರರ ಮೇಲೆ ಬಾದಶಹರ ಹೆಸರಿದ್ದುದರಿಂದ, 52 ಲಕ್ಷ ಡಾಲರಿಗೆ ಹೋಯಿತು. 2019ರ ಜೂನಿನಲ್ಲಿ ಕತಾರಿನ ಅಲ್ ಥಾನಿ ಸಂಗ್ರಹದ ಸುಮಾರು ನಾನೂರು ವಸ್ತುಗಳು ನ್ಯೂಯಾರ್ಕಿನಲ್ಲಿ ಹರಾಜಾದಾಗ ಒಟ್ಟು ಮೊತ್ತ 10 ಕೋಟಿ 90 ಲಕ್ಷ ಡಾಲರನ್ನು ಮೀರಿತು. ತರುಣನ ಮುಖವನ್ನು ಜೇಡ್ ಹಿಡಿಯಲ್ಲಿ ಕಡೆದ ಷಾಜಹಾನನ ಕಠಾರಿಯೊಂದಕ್ಕೇ 33 ಲಕ್ಷ 75 ಸಾವಿರ ಡಾಲರು ಬಂದಿತು. ಟಿಪ್ಪುವಿನ ಹೆಸರು ಹೊತ್ತ ವಸ್ತುಗಳೂ ಹಿಂದೆ ಬೀಳಲಿಲ್ಲ. ನಾಗರಿಯಲ್ಲಿ ರಾಮನಾಮವಿದ್ದ 41.2 ಗ್ರಾಮಿನ ಚಿನ್ನದ ಉಂಗುರವು 2014ರಲ್ಲಿ ಸುಮಾರು 1,45,000 ಪೌಂಡಿಗೆ ಮಾರಾಟವಾಯಿತು. ಬ್ರಿಟಿಷ್ ಸೇನಾಪತಿ ಬೇರ್ಡನಿಗೆ ಕೊಡಲ್ಪಟ್ಟಿದ್ದ, ಟಿಪ್ಪುವಿನ ಶಯನಗೃಹದ ಖಡ್ಗವು 2023ರ ಮೇ ತಿಂಗಳಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಏರಿತು. ಇಷ್ಟು ಹಣವು ಚಿನ್ನಕ್ಕೂ ಉಕ್ಕಿಗೂ ಅಲ್ಲ, 1799ರ ಆ ಒಂದು ಮಧ್ಯಾಹ್ನಕ್ಕೆ ಸಂದ ಬೆಲೆ.

ಬೆಲೆ ಏರಿದಂತೆ ಪರೀಕ್ಷೆಯೂ ಸೂಕ್ಷ್ಮವಾಯಿತು. ಪಚ್ಚೆಯೊಳಗಿನ ಆಮ್ಲಜನಕದ ಐಸೊಟೋಪುಗಳನ್ನು ಅಳೆದು ಗಣಿಯನ್ನು ಗುರುತಿಸುವ ವಿಧಾನವನ್ನು ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದರು. ನಿಜಾಮರ ಭಂಡಾರದ ಕಲ್ಲುಗಳನ್ನೂ ಅದರಲ್ಲಿ ಪರೀಕ್ಷಿಸಿದಾಗ ಕೊಲಂಬಿಯದವುಗಳೊಡನೆ ಅಫಘಾನಿಸ್ತಾನದ ಕಲ್ಲೂ ಇದ್ದುದು ತಿಳಿದುಬಂದಿತು. ಆದರೂ ಹಳೆಯ ಕಲ್ಲಿನ ಮೇಲೆ ಹೊಸ ಕೆತ್ತನೆ ಮಾಡಿದ್ದರೆ ಅದನ್ನು ಹಿಡಿಯುವುದಕ್ಕೆ ಸೂಕ್ಷ್ಮದರ್ಶಕದಲ್ಲಿ ಕಾಣುವ ಸಾಣೆಯ ಗೀರುಗಳನ್ನೂ, ಬಲ್ಲವರ ಕಣ್ಣನ್ನೂ, ಕೊನೆಗೆ ಹಳೆಯ ಕಾಗದಪತ್ರಗಳನ್ನೂ ನಂಬಬೇಕಾಗಿದೆ.

ಕಾಗದಪತ್ರಗಳೆಲ್ಲ ಸರಿಯಾಗಿದ್ದೂ ಮಾರಬಹುದೆ ಎಂಬ ಪ್ರಶ್ನೆಯನ್ನು ಪಿಪ್ರಾಹವಾದ ರತ್ನಗಳು ಎತ್ತಿದವು. ಉತ್ತರಪ್ರದೇಶದ ಪಿಪ್ರಾಹವಾ ಎಂಬಲ್ಲಿನ ಬೌದ್ಧ ಸ್ತೂಪವನ್ನು 1898ರಲ್ಲಿ ಅಗೆಸಿದ ಬ್ರಿಟಿಷ್ ಜಮೀನುದಾರ ಪೆಪೆಗೆ ದೊಡ್ಡ ಶಿಲಾಪೆಟ್ಟಿಗೆಯೊಳಗೆ ಬಳಪದ ಕಲ್ಲಿನ ಕರಂಡಗಳು, ಮೀನಿನಾಕಾರದ ಹಿಡಿಯುಳ್ಳ ಸ್ಫಟಿಕದ ಭರಣಿ, ಅಸ್ಥಿಶಕಲಗಳು, ಅವುಗಳ ನಡುವೆ ಹೂವಿನಂತೆ, ಎಲೆಯಂತೆ ಕೊರೆದ ನೂರಾರು ಸಣ್ಣ ರತ್ನಗಳು ದೊರೆತವು. ಕರಂಡವೊಂದರ ಮೇಲಣ ಬ್ರಾಹ್ಮೀ ಲೇಖವು ಅವನ್ನು ಶಾಕ್ಯರ ಬುದ್ಧನ ಧಾತುಗಳೆಂದು ಸಾರಿತು. ಅಸ್ಥಿಗಳು ಸಯಾಮಿನ ದೊರೆಗೂ, ರತ್ನಗಳಲ್ಲಿ ಬಹುಪಾಲು ಕಲ್ಕತ್ತೆಯ ಸಂಗ್ರಹಾಲಯಕ್ಕೂ ಹೋದವು; ಒಂದು ಪಾಲು ಪೆಪೆಯ ಮನೆಯಲ್ಲಿ ಉಳಿಯಿತು. ಆ ಪಾಲನ್ನು ಅವನ ವಂಶಸ್ಥರ ಪರವಾಗಿ 2025ರ ಮೇ 7ರಂದು ಹಾಂಕಾಂಗಿನಲ್ಲಿ ಮಾರಲು ಸದಬೀಸ್ ಸಿದ್ಧವಾದಾಗ, ಭಕ್ತರು ಅಸ್ಥಿಯೊಡನೆ ಇಟ್ಟುದನ್ನು ಅಸ್ಥಿಯಿಂದ ಬೇರೆಯಾದ ಸಂಗ್ರಹವಸ್ತುವೆಂದು ಎಣಿಸಬಹುದೆ ಎಂದು ಬೌದ್ಧರೂ ವಿದ್ವಾಂಸರೂ ಕೇಳಿದರು, ಭಾರತ ಸರ್ಕಾರವು ನೋಟೀಸು ಕೊಟ್ಟಿತು, ಹರಾಜು ನಿಂತಿತು. ಆ ಕೇಳ್ವಿ ನ್ಯಾಯವಾದದ್ದೆಂದು ನನ್ನ ದೃಢವಾದ ಅಭಿಪ್ರಾಯ. ಪೂಜೆಗಾಗಿ ಕೊಟ್ಟುದಕ್ಕೆ ಮಾರುವ ಒಡೆಯನು ಇರಲಾರನು. ಆದರೆ ಜುಲೈ ಕೊನೆಯಲ್ಲಿ ಆ ರತ್ನಗಳು ಭಾರತಕ್ಕೆ ಮರಳಿದ್ದು ಯಾವ ನ್ಯಾಯಾಲಯದ ತೀರ್ಪಿನಿಂದಲೂ ಅಲ್ಲ. ಗೋದ್ರೆಜ್ ಉದ್ಯಮಸಮೂಹವು ಅವನ್ನು ಕೊಂಡುಕೊಂಡು, ಬಹುಭಾಗವನ್ನು ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಐದು ವರ್ಷಗಳ ಅವಧಿಗೆ ಎರವಲು ಕೊಡಲು ಒಪ್ಪಿದುದರಿಂದ.